ನಿಧಾನ ಎಂದವಳು ನಾನು

ಗಿರಿಜಾ ಅವರೇ, ನಿಮ್ಮ ಯಜಮಾನರ ಕೆಲಸ ಹೋಗುವಂತೆ ಮಾಡಿದವಳು ನಾನು. ಕಂಪನಿಯಲ್ಲ, ಮಾರ್ಕೆಟ್ಟಲ್ಲ, ನೀವು ಅಂದುಕೊಂಡಿರುವ ಹಾಗೆ ಅವರ ನಿಧಾನವೂ ಅಲ್ಲ. ನಾನು — ಕಳೆದ ಶನಿವಾರ ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಹೂವಿನವಳ ಬುಟ್ಟಿಯ ಪಕ್ಕ ನಿಂತು ನಿಮ್ಮ ಜೊತೆ ನಕ್ಕು ಮಾತಾಡಿದ ನಳಿನಿ. ಇದನ್ನು ಅಲ್ಲೇ, ನಿಮ್ಮ ಮುಖ ನೋಡಿ ಹೇಳಬೇಕಿತ್ತು. ಹೇಳಲಿಲ್ಲ. "ಬಸ್ ಬಂತು, ಬರ್ತೀನಿ" ಎಂದು ಓಡಿದೆ. ಯಾವ ಬಸ್ಸೂ ಬಂದಿರಲಿಲ್ಲ.

ಆರು ದಿನದಿಂದ ಈ ಕಾಗದ ಬರೆಯುತ್ತಿದ್ದೇನೆ. ಎರಡು ಸಾಲು ಬರೆಯುವುದು, ಎದ್ದು ಅಡುಗೆಮನೆಗೆ ಹೋಗುವುದು, ಒಲೆ ಒರೆಸುವುದು — ಆಗಲೇ ಒರೆಸಿದ ಒಲೆ — ಮತ್ತೆ ಬಂದು ಕೂರುವುದು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ನಮ್ಮಮ್ಮ ನನ್ನನ್ನು ಚಿಕ್ಕಂದಿನಿಂದ ಬೈಯುತ್ತಾಳೆ. ಈಗಲೂ ಒಳಗಿನಿಂದ ಕೂಗಿದಳು, "ಕೂತ್ಕೊಳೇ ಒಂದ್ ಕಡೆ, ನಿನ್ನ ನೋಡಿದ್ರೆ ತಲೆ ಸುತ್ತುತ್ತೆ." ಇದನ್ನೆಲ್ಲ ವಾಟ್ಸ್ಯಾಪಿನಲ್ಲಿ ಕಳಿಸಬಹುದಿತ್ತು. ಆದರೆ ನನ್ನ ಬೆರಳು ಕೀಬೋರ್ಡಿನ ಮೇಲೆ ಬಹಳ ಚೆನ್ನಾಗಿ ಸುಳ್ಳು ಹೇಳುತ್ತದೆ, ಅದು ನನಗೆ ಗೊತ್ತು. ಪೆನ್ನಿನಲ್ಲಿ ಬರೆದರೆ ಹೊಡೆದು ಹಾಕಿದ್ದಾದರೂ ಕಾಣುತ್ತದೆ. ಕಾಣಲಿ.

ಶನಿವಾರ ನೀವೇ ನನ್ನ ಗುರುತು ಹಿಡಿದಿರಿ. "ನಳಿನಿ ಮೇಡಂ ಅಲ್ವಾ? ನಾನು ಶ್ರೀಕಂಠ ಅವರ ಮಿಸೆಸ್ಸು. ಆಫೀಸಿನ ಫ್ಯಾಮಿಲಿ ಡೇನಲ್ಲಿ ನೋಡಿದ್ರಿ, ನೆನಪಿದ್ಯಾ?" ಎಂದಿರಿ. ನನಗೆ ನೆನಪಿಲ್ಲದೆ ಏನು. ಎರಡು ವರ್ಷದಿಂದ ನಿಮ್ಮ ಮನೆಯವರು ಯಾರಾದರೂ ಎದುರು ಸಿಕ್ಕಿಬಿಟ್ಟರೆ ಎಂದು ಬಿಟಿಎಂ ಲೇಔಟಿನ ಕಡೆ ಕಾಲಿಡುವುದನ್ನೇ ಬಿಟ್ಟವಳು ನಾನು. ನೀವು ಬನಶಂಕರಿಯ ಟೈಲ್ಸ್ ಅಂಗಡಿಯ ವಿಷಯ ಹೇಳಿದಿರಿ — ಅಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ನೋಡಿಕೊಂಡಿದ್ದಾರೆ, ಓನರ್ ಒಳ್ಳೆಯವರು, ಊಟಕ್ಕೆ ಮನೆಗೇ ಬರುತ್ತಾರೆ. ಹದಿನೇಳು ವರ್ಷ ಸಾಫ್ಟ್‌ವೇರಿನ ಒಳಗನ್ನು ಕಂಡ ಮನುಷ್ಯ. ನಾನು "ಓ, ಒಳ್ಳೇದಾಯ್ತು" ಎಂದೆ. ನನ್ನ ಬಾಯಿಂದ ಬಂತು ಆ ಮಾತು!

ಆಮೇಲೆ ನೀವು ದನಿ ತಗ್ಗಿಸಿದಿರಿ. ನಾಚಿಕೆಯಿಂದ, ಕ್ಷಮೆ ಕೇಳುವವರ ಹಾಗೆ. "ಅವರು ಸ್ವಲ್ಪ ನಿಧಾನ, ನಂಗೊತ್ತಿಲ್ವಾ ಮೇಡಂ. ನೀವಾಗಿದ್ದಕ್ಕೆ ಅಷ್ಟ್ ದಿನ ಸಹಿಸ್ಕೊಂಡ್ರಿ. ಬೇರೆಯವರಾಗಿದ್ರೆ ಯಾವತ್ತೋ ಕಳಿಸಿರೋರು. ಮಗಳಂತೂ ಅವಳ ಫೋನಲ್ಲಿ 'ಸ್ಲೋ ಅಪ್ಪ' ಅಂತ್ಲೇ ಹಾಕ್ಕೊಂಡಿದ್ದಾಳೆ." ಹೇಳಿ ನಕ್ಕಿರಿ. ನಾನೂ ನಕ್ಕೆ. ಈ ಕಾಗದದಲ್ಲಿ ಇನ್ನೂ ದೊಡ್ಡ ತಪ್ಪುಗಳು ಬರುತ್ತವೆ, ಆದರೆ ಆರು ದಿನದಿಂದ ನನ್ನನ್ನು ಕೂರಗೊಡದೆ ಓಡಾಡಿಸುತ್ತಿರುವುದು ಆ ನಗು.

ನಿಮ್ಮ ಕೈಯಲ್ಲಿ ಒಂದು ಚೀಲವಿತ್ತು. ಹಳದಿ ಬಟ್ಟೆಯದು, ಮದುವೆಮನೆಯಲ್ಲಿ ತಾಂಬೂಲ ಕೊಡುವ ಚೀಲ. ಒಗೆದು ಒಗೆದು ಬಣ್ಣ ಹೋಗಿತ್ತು, ಆದರೂ ಅಕ್ಷರ ಓದಬಹುದಿತ್ತು: ಮೇಘನಾ – ಆದಿತ್ಯ. ಚೀಲದ ಬಾಯಿಂದ ಹೀರೇಕಾಯಿ ಹೊರಗೆ ಇಣುಕುತ್ತಿತ್ತು. ಗಿರಿಜಾ ಅವರೇ, ಮೇಘನಾ ನನ್ನ ದೊಡ್ಡಮ್ಮನ ಮೊಮ್ಮಗಳು. ಆ ಮದುವೆಗೆ ನೀವು ಬಂದಿರಲಿಲ್ಲ, ನಿಮ್ಮ ಯಜಮಾನರೂ ಬಂದಿರಲಿಲ್ಲ. ಆ ಚೀಲ ನಿಮ್ಮ ಮನೆಗೆ ಹೇಗೆ ಬಂತು ಎಂದು ನೀವು ಎಂದಾದರೂ ಯೋಚಿಸಿದ್ದೀರಾ?

ಅದನ್ನು ಹೇಳುತ್ತೇನೆ. ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಾನು ಜಾರಿಕೊಳ್ಳುತ್ತೇನೆ.

ಹೊರದೇಶದ ದೊಡ್ಡ ದೊಡ್ಡ ಗೋದಾಮುಗಳಲ್ಲಿ ಬಳಸುವ ಒಂದು ಸಾಫ್ಟ್‌ವೇರ್ ನಮ್ಮ ಕಂಪನಿಯದು. ಅಲ್ಲಿ ಏನಾದರೂ ಕೈಕೊಟ್ಟರೆ ಬನ್ನೇರುಘಟ್ಟ ರಸ್ತೆಯ ನಮ್ಮ ಆಫೀಸಿಗೆ ದೂರು ಬರುತ್ತದೆ. ಅದಕ್ಕೆ ನಾವು ಟಿಕೆಟ್ ಎನ್ನುತ್ತೇವೆ. ಒಂದೊಂದು ಟಿಕೆಟ್ಟಿಗೂ ಒಬ್ಬೊಬ್ಬರ ಹೆಸರು ಹಚ್ಚುತ್ತಾರೆ. ಸರಿಮಾಡಿ ಮುಚ್ಚಿದರೆ ಆ ಹೆಸರಿನ ಮುಂದೆ ಒಂದು ಅಂಕಿ ಏರುತ್ತದೆ. ವರ್ಷದ ಕೊನೆಗೆ ಯಾರು ಜಾಣರು, ಯಾರು ದಡ್ಡರು ಎಂದು ತೀರ್ಮಾನಿಸುವುದು ಆ ಅಂಕಿಯೇ. ಒಂಬತ್ತು ಜನರ ತಂಡದಲ್ಲಿ ನಾನೂ ಶ್ರೀಕಂಠ ಅವರೂ ಅಕ್ಕಪಕ್ಕದ ಮೇಜು. ಕಿಟಕಿಯಿಂದ ಹುಳಿಮಾವು ಕೆರೆ ಒಂದು ಚೂರು ಕಾಣುತ್ತಿತ್ತು. ಅವರು ಕೆಲಸದ ನಡುವೆ ಅದನ್ನೇ ನೋಡುತ್ತ ಕೂತಿರುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು. "ಏನ್ ಶ್ರೀಕಂಠ, ಕೆರೇಲಿ ಉತ್ತರ ತೇಲ್ತಾ ಇದ್ಯಾ?" ಎಂದು ಕಿಚಾಯಿಸುತ್ತಿದ್ದೆ. "ಬರುತ್ತೆ ಇರಿ ನಳಿನಿಯವ್ರೇ" ಎನ್ನುತ್ತಿದ್ದರು. ಬರುತ್ತಿತ್ತು ಕೂಡ. ಬಾಗಿಲು ಹಾಕಲು ಆಗುತ್ತಿಲ್ಲ ಎಂದರೆ ನಾವೆಲ್ಲ ಚಿಲಕ ಬದಲಾಯಿಸಿ ಬರುವವರು, ಅವರು ಗೋಡೆ ಎಲ್ಲಿ ಜರುಗಿದೆ ಎಂದು ನೋಡುವವರು. ನಾವು ಮುಚ್ಚಿದ ಟಿಕೆಟ್ ತಿಂಗಳೊಳಗೆ ಮತ್ತೆ ಬಾಯಿ ತೆರೆಯುತ್ತಿತ್ತು. ಅವರು ಮುಚ್ಚಿದ್ದು ಮತ್ತೆ ಬಂದದ್ದನ್ನು ನಾನು ನೋಡಿಲ್ಲ. ಆದರೆ ವಾಪಸ್ ಬರದೆ ಇರುವುದಕ್ಕೆ ನಮ್ಮಲ್ಲಿ ಅಂಕಿ ಇಲ್ಲ.

ಮೂರು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಮನೆಯಲ್ಲಿ ನಾವಿಬ್ಬರೇ — ನಾನು ಮದುವೆ ಆಗಲಿಲ್ಲ, ಅಣ್ಣತಮ್ಮಂದಿರಿಲ್ಲ. ಆಪರೇಷನ್, ಸೋಂಕು, ಮತ್ತೊಂದು ಆಪರೇಷನ್. ಇದ್ದ ರಜೆ ಮೂರು ವಾರದಲ್ಲಿ ಖರ್ಚಾಯಿತು. ಆಸ್ಪತ್ರೆಯಿಂದಲೇ ಕೆಲಸ ಮಾಡುತ್ತೇನೆ ಎಂದು ಹೇಳಿ ಒಪ್ಪಿಸಿದ್ದೆ, ಆದರೆ ಅಮ್ಮ ನೋವಿಗೆ ಕೂಗುತ್ತಿರುವಾಗ ಯಾವ ಗೋದಾಮು, ಯಾವ ಟಿಕೆಟ್ಟು. ನನ್ನ ಹೆಸರಿನಲ್ಲಿ ಐವತ್ತಕ್ಕೂ ಹೆಚ್ಚು ಬಾಕಿ ಬಿದ್ದವು. ಆ ವರ್ಷ ನಮ್ಮ ಮಹಡಿಯಲ್ಲೇ ಇಬ್ಬರನ್ನು ಕಳಿಸಿದ್ದರು. ಮುಂದಿನ ಹೆಸರು ನನ್ನದೇ ಎಂದುಕೊಂಡೆ.

ಶ್ರೀಕಂಠ ಅಮ್ಮನನ್ನು ನೋಡಲು ಜಯನಗರದ ಆಸ್ಪತ್ರೆಗೆ ಬಂದರು. ಎಳನೀರು ತಂದಿದ್ದರು. ನಾನು ಕಾರಿಡಾರಿನಲ್ಲಿ ನಿಂತು ಅತ್ತೆ. ಅವರು ಎಳನೀರನ್ನು ಬೆಂಚಿನ ಮೇಲೆ ಇಟ್ಟರು. ಆಮೇಲೆ ಹೇಳಿದರು: "ನಿಮ್ಮ ಲ್ಯಾಪ್‌ಟಾಪ್ ಕೊಡಿ. ಪಾಸ್‌ವರ್ಡ್ ಬರ್ದು ಕೊಡಿ. ಅಮ್ಮ ಎದ್ದು ಓಡಾಡೋವರ್ಗೂ ನಾನು ನೋಡ್ಕೋತೀನಿ."

"ನಿಮ್ಮ ಕೆಲ್ಸ?" ಎಂದೆ.

"ನಿಮ್ದು ಬಾಕಿ ಉಳಿದ್ರೆ ಮೇಲಿಂದ ಫೋನ್ ಬರುತ್ತೆ. ನಂದು ಉಳಿದ್ರೆ ಯಾರ್ ಕೇಳ್ತಾರೆ, ಬಿಡಿ."

ಒಬ್ಬರ ಲಾಗಿನ್ ಇನ್ನೊಬ್ಬರಿಗೆ ಕೊಡುವುದು ನಮ್ಮಲ್ಲಿ ಕಳ್ಳತನಕ್ಕೆ ಸಮ. ಸಿಕ್ಕಿಬಿದ್ದರೆ ಕೊಟ್ಟವರೂ ತೆಗೆದುಕೊಂಡವರೂ ಅದೇ ದಿನ ಮನೆಗೆ. ಇಬ್ಬರಿಗೂ ಗೊತ್ತಿತ್ತು. ನಾನು ಬೇಡ ಎನ್ನಲಿಲ್ಲ, ಒಂದು ಸಲ ಕೂಡ. ಔಷಧಿ ಚೀಟಿಯ ಹಿಂದೆ ಪಾಸ್‌ವರ್ಡ್ ಬರೆದೆ, ಲ್ಯಾಪ್‌ಟಾಪನ್ನು ಕೈಗೆ ಸಿಕ್ಕಿದ ಚೀಲಕ್ಕೆ ತುರುಕಿದೆ. ಅಮ್ಮನ ಬಟ್ಟೆ ತಂದಿದ್ದ ಚೀಲ. ಮೇಘನಾ – ಆದಿತ್ಯ.

ಮೂರು ತಿಂಗಳು, ಗಿರಿಜಾ ಅವರೇ. ಮೂರು ತಿಂಗಳು ನನ್ನ ಹೆಸರಿನಲ್ಲಿ ಅವರು ದುಡಿದರು. ನಾನು ಅಮ್ಮನ ಮಂಚದ ಪಕ್ಕ ಕೂತು ಮೋಸಂಬಿ ಸುಲಿಯುತ್ತಿದ್ದೆ, ಬನ್ನೇರುಘಟ್ಟ ರಸ್ತೆಯಲ್ಲಿ ನಳಿನಿ ಎಂಬವಳು ಸಖತ್ತಾಗಿ ಕೆಲಸ ಮಾಡುತ್ತಿದ್ದಳು. ಆ ವರ್ಷದ ಕೊನೆಗೆ ನನಗೆ ಬಹುಮಾನ ಬಂತು. ಗಾಜಿನ ಫಲಕ, ಮೇಲೆ ನನ್ನ ಹೆಸರು, ಕೆಳಗೆ ಇಡೀ ವಿಭಾಗದಲ್ಲಿ ಎಲ್ಲರಿಗಿಂತ ವೇಗವಾಗಿ ದೂರು ಬಗೆಹರಿಸಿದವಳು ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ವೇಗವಾಗಿ! ನೋಡಿ, ನಿಮ್ಮ ಯಜಮಾನರು ಮನಸ್ಸು ಮಾಡಿದರೆ ಇಡೀ ವಿಭಾಗವನ್ನು ಹಿಂದೆ ಹಾಕುವಷ್ಟು ವೇಗ. ನನಗಾಗಿ ಅದನ್ನು ಮಾಡಿದರು, ತಮಗಾಗಿ ಎಂದೂ ಮಾಡಲಿಲ್ಲ. ನಾನು ವೇದಿಕೆ ಹತ್ತಿದಾಗ ಅವರು ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಸಂಜೆ ಅವರಿಗೆ ಒಂದು ಕಾಫಿ ಕೊಡಿಸಿದೆ. ಕಾಫಿ. ಅಷ್ಟೇ ನಾನು ಕೊಟ್ಟದ್ದು.

ಆ ಫಲಕದ ಬೆನ್ನಿಗೇ ನನ್ನನ್ನು ತಂಡದ ಮುಖ್ಯಸ್ಥೆ ಮಾಡಿದರು. ಅಂದರೆ ಶ್ರೀಕಂಠ ಅವರ ಮೇಲಧಿಕಾರಿ. ಅವರ ಕೆಲಸದಿಂದಲೇ ನಾನು ಅವರ ಮೇಲೆ ಹತ್ತಿ ಕೂತೆ. ಅವರು ಖುಷಿಪಟ್ಟರು, ನಿಜವಾಗಿ ಖುಷಿಪಟ್ಟರು. ನನಗೆ — ಸುಳ್ಳು ಹೇಳಬಾರದು — ಅವರ ಮುಖ ನೋಡುವುದೇ ಕಷ್ಟವಾಗತೊಡಗಿತು. ಉಪಕಾರ ಮಾಡಿದವರು ದಿನಾ ಎದುರಿಗೆ ಕೂತಿರುವುದು ಎಷ್ಟು ಕಿರಿಕಿರಿ ಎಂದು ನಿಮಗೆ ಹೇಗೆ ಹೇಳಲಿ. ಅವರು ಒಂದು ಮಾತು ಎತ್ತಲಿಲ್ಲ, ಒಂದು ಸೂಚನೆ ಕೊಡಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು. ನಾನು ನನ್ನ ಮೇಜನ್ನು ಬೇರೆ ಮೂಲೆಗೆ ಹಾಕಿಸಿಕೊಂಡೆ.

ಮರುವರ್ಷ ಮೇಲಿನಿಂದ ಮಾತು ಬಂತು: ಮನೆಗೆ ಕಳಿಸಲು ಪ್ರತಿ ತಂಡದಿಂದ ಒಂದು ಹೆಸರು. ಎಲ್ಲರೂ ಚೆನ್ನಾಗಿ ಕೆಲಸ ಮಾಡಿದರೂ ಯಾರೋ ಒಬ್ಬರು ಕೊನೆಯವರು ಆಗಲೇಬೇಕು, ಅದು ನಮ್ಮಲ್ಲಿ ಪದ್ಧತಿ. ವಿಡಿಯೋ ಮೀಟಿಂಗ್. ನನ್ನ ಮೇಲಧಿಕಾರಿ ದೂರದ ಊರಿನವರು, ಶ್ರೀಕಂಠ ಅವರನ್ನು ಒಮ್ಮೆಯೂ ಕಂಡವರಲ್ಲ. ಪರದೆಯ ಮೇಲೆ ಒಂಬತ್ತು ಜನರ ಎರಡು ವರ್ಷದ ಅಂಕಿಗಳ ಗೆರೆಗಳು. ಶ್ರೀಕಂಠ ಅವರ ಗೆರೆ ನಡುವೆ ಮೂರು ತಿಂಗಳು ನೆಲ ಕಚ್ಚಿತ್ತು. ಮೇಲಧಿಕಾರಿ ಅದರ ಮೇಲೆ ಬಾಣದ ಗುರುತು ಇಟ್ಟು ಕೇಳಿದರು, "ವಾಟ್ಸ್ ಹಿಸ್ ಸ್ಟೋರಿ?"

ಇಲ್ಲಿ ನಾನು ಒಂದು ಪದದ ವಿಷಯ ಹೇಳಬೇಕು. ನಮ್ಮಪ್ಪ ಇದ್ದಾಗ, ನೆಂಟರಲ್ಲಿ ಯಾರಿಗಾದರೂ ಗಂಡು ನೋಡಿ ಬಂದರೆ, ಎಲ್ಲಕ್ಕಿಂತ ದೊಡ್ಡ ಮೆಚ್ಚುಗೆ ಎಂದು ಒಂದೇ ಮಾತು ಹೇಳುತ್ತಿದ್ದರು: "ಹುಡುಗ ನಿಧಾನಸ್ಥ ಕಣೇ." ಸಂಬಳ, ಬಣ್ಣ, ಎತ್ತರ ಎಲ್ಲ ಆಮೇಲೆ. ನಿಧಾನಸ್ಥ ಎಂದರೆ ದುಡುಕದವನು, ಮಾತು ತೂಗಿ ಆಡುವವನು, ನಂಬಿ ಹೆಣ್ಣು ಕೊಡಬಹುದಾದವನು. ಆಫೀಸಿನಲ್ಲಿ ಶ್ರೀಕಂಠ ಅವರನ್ನು ನೋಡಿದ ಮೊದಲ ವಾರವೇ ನನಗೆ ಅಪ್ಪನ ಆ ಮಾತು ನೆನಪಾಗಿತ್ತು. ನಾನು ಆತುರಗೇಡಿ, ಅವರು ನಿಧಾನಸ್ಥ — ಅದಕ್ಕೇ ನಮ್ಮಿಬ್ಬರಿಗೆ ಹೊಂದಿತ್ತು. ಆ ದಿನವೂ, ಆ ಪ್ರಶ್ನೆ ಬಂದ ಕ್ಷಣವೂ ನನ್ನ ನಾಲಿಗೆಯ ಮೇಲೆ ಇದ್ದದ್ದು ಅದೇ ಪದ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೆಂದು ಹುಡುಕಿದೆ.

"ಹೀ ಈಸ್... ಸ್ಲೋ," ಎಂದೆ.

ಅವರು ಟೈಪ್ ಮಾಡಿಕೊಂಡ ಸದ್ದು ಕೇಳಿಸಿತು. ನಾಲ್ಕೇ ಅಕ್ಷರ, ಬೇಗ ಮುಗಿಯಿತು.

ಭಾಷೆ ಕೈಕೊಟ್ಟಿತು ಎಂದು ನಾನು ಒಂದು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಇಪ್ಪತ್ತು ವರ್ಷದಿಂದ ಇಂಗ್ಲಿಷಿನಲ್ಲಿ ಅನ್ನ ತಿನ್ನುತ್ತಿರುವವಳಿಗೆ ಇನ್ನೊಂದು ವಾಕ್ಯ ಸೇರಿಸಲು ಬರುತ್ತಿರಲಿಲ್ಲವೇ? ಆ ಮೂರು ತಿಂಗಳ ಗೆರೆ ಯಾಕೆ ನೆಲ ಕಚ್ಚಿದೆ ಎಂದು ಆ ಮೀಟಿಂಗಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹೇಳಿದರೆ ನನ್ನ ಕುರ್ಚಿ ಹೋಗುತ್ತಿತ್ತು. ಬೇರೆ ಹೆಸರು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ನನ್ನದು.

ಆಮೇಲೆ ಅರವತ್ತು ದಿನದ ಸುಧಾರಣಾ ಯೋಜನೆ. ಕೇಳಲು ಚೆನ್ನಾಗಿದೆ, ಅಲ್ಲವೇ — ಸುಧಾರಿಸಿಕೊಳ್ಳಲು ಒಂದು ಅವಕಾಶ ಎಂದು ಕಾಗದದಲ್ಲಿ ಬರೆದಿರುತ್ತದೆ. ಎಚ್‌ಆರ್‌ನ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು, "ಮ್ಯಾಮ್, ಇದ್ರಿಂದ ಯಾರೂ ವಾಪಸ್ ಬರಲ್ಲ. ಪೇಪರ್ ಸರಿಯಾಗಿರ್ಬೇಕು ಅಷ್ಟೆ." ವಾರಕ್ಕೆ ಇಷ್ಟು ಟಿಕೆಟ್ ಮುಚ್ಚಬೇಕು ಎಂದು ನಾನೇ ಬರೆದೆ. ಪ್ರತಿ ಶುಕ್ರವಾರ ಹನ್ನೊಂದಕ್ಕೆ ಗಾಜಿನ ಕೋಣೆಯಲ್ಲಿ ಭೇಟಿ. ಶ್ರೀಕಂಠ ಮೊದಲ ಶುಕ್ರವಾರಕ್ಕೆ ಒಂದು ಹೊಸ ನೋಟ್‌ಬುಕ್ ತಂದಿದ್ದರು, ಕಂದು ಕಾಗದದ ಬೈಂಡ್ ಹಾಕಿ, ಹೆಸರು ಬರೆದು. ಬೈಂಡ್ ಹಾಕಿದ್ದು ನಿಮ್ಮ ಮಗಳೇ ಇರಬೇಕು. ನಾನು ಹೇಳಿದ್ದನ್ನೆಲ್ಲ ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಇನ್ನೂ ವೇಗ ಬೇಕು, ಹೊಣೆ ಹೊರಬೇಕು, ತಂಡಕ್ಕೆ ನೆರವಾಗಬೇಕು. ತಂಡಕ್ಕೆ ನೆರವಾಗಬೇಕು ಎಂದು ನಾನು ಅವರಿಗೆ ಹೇಳಿದೆ, ಗಿರಿಜಾ ಅವರೇ. ಅವರು ಅದನ್ನೂ ಬರೆದುಕೊಂಡರು.

ಇದಕ್ಕಿಂತ ಹೀನವಾದದ್ದು ಒಂದಿದೆ. ಬರೆಯಲೋ ಬೇಡವೋ ಎಂದು ನಿನ್ನೆಯಿಂದ ಒದ್ದಾಡುತ್ತಿದ್ದೇನೆ. ಐದನೇ ವಾರಕ್ಕೆ ಅವರು ಗುರಿ ಮುಟ್ಟಿದರು. ಮುಟ್ಟಿ ದಾಟಿದರು. ನನಗೆ ಹೊಳೆದದ್ದು ಇದು — ಈಗ ಇವರು ಉಳಿದರೆ ಆ ಮೂರು ತಿಂಗಳು ಏನಾಗಿತ್ತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಂದೇ ಮಧ್ಯಾಹ್ನ, ವರ್ಷಗಟ್ಟಲೆ ಯಾರೂ ಮುಟ್ಟದೆ ಬಿಟ್ಟಿದ್ದ ಇಪ್ಪತ್ತೆರಡು ಹಳೆಯ ಟಿಕೆಟ್‌ಗಳನ್ನು ಅವರ ಹೆಸರಿಗೆ ಬದಲಾಯಿಸಿದೆ. ಒಂದೊಂದೂ ವಾರಗಟ್ಟಲೆ ಹಿಡಿಯುವ ಗಂಟು. ಅವರು ಪಟ್ಟಿ ನೋಡಿದರು. ನನ್ನ ಮೇಜಿನ ತನಕ ನಡೆದು ಬಂದರು. ಕೂಗಾಡುತ್ತಾರೆ ಎಂದುಕೊಂಡೆ, ಕೂಗಾಡಲಿ ಎಂದು ಬೇಡಿಕೊಂಡೆ.

"ಇವು ಸ್ವಲ್ಪ ಟೈಮ್ ಹಿಡಿಯುತ್ತೆ ನಳಿನಿಯವ್ರೇ," ಎಂದರು. ಅಷ್ಟೇ. ಹೋಗಿ ಕೂತು ಮೊದಲನೆಯದನ್ನು ತೆರೆದರು.

ಅರವತ್ತನೆಯ ದಿನ ಆ ಗಾಜಿನ ಕೋಣೆಯಲ್ಲಿ ಮೂವರಿದ್ದೆವು: ಅವರು, ನಾನು, ಎಚ್‌ಆರ್ ಹುಡುಗಿ. ಮೇಜಿನ ಮೇಲೆ ರಾಜೀನಾಮೆ ಪತ್ರ ಮೊದಲೇ ಪ್ರಿಂಟಾಗಿತ್ತು. ಅವರೇ ಸ್ವಂತ ಇಚ್ಛೆಯಿಂದ ಬಿಡುತ್ತಿದ್ದಾರೆ ಎಂದು. ಸಹಿ ಹಾಕದಿದ್ದರೆ ತೆಗೆದು ಹಾಕಿದ್ದೇವೆ ಎಂದು ಬರೆಯುತ್ತೇವೆ, ಆಮೇಲೆ ಎಲ್ಲೂ ಕೆಲಸ ಸಿಗುವುದಿಲ್ಲ — ಇದನ್ನು ಆ ಹುಡುಗಿ ಬಹಳ ಮೃದುವಾಗಿ ಹೇಳಿದಳು. ಕೊನೆಗೆ ಕೇಳಿದಳು, "ಸರ್, ನಿಮ್ ಕಡೆಯಿಂದ ಏನಾದ್ರೂ ಹೇಳೋದಿದ್ಯಾ? ಇದೇ ಲಾಸ್ಟ್ ಚಾನ್ಸ್."

ಅವರು ನನ್ನ ಕಡೆ ನೋಡಿದರು. ಒಂದು ಮಾತು ಸಾಕಿತ್ತು. ಆ ಮೂರು ತಿಂಗಳು ಇವರ ಲ್ಯಾಪ್‌ಟಾಪ್ ನನ್ನ ಮನೆಯಲ್ಲಿತ್ತು ಎಂದಿದ್ದರೆ ಮುಗಿಯುತ್ತಿತ್ತು, ಅವರ ಜೊತೆ ನಾನೂ ಆ ಕೋಣೆಯಿಂದ ಹೊರಗೆ. ನಾನು ಮೇಜಿನ ಮೇಲಿನ ನೀರಿನ ಬಾಟಲಿಯ ಚೀಟಿ ಓದುತ್ತಿದ್ದೆ. ಎಷ್ಟು ಹೊತ್ತು ಓದಿದೆನೋ.

"ಏನಿಲ್ಲಮ್ಮ," ಎಂದರು ಅವರು. "ನಾನು ಸ್ವಲ್ಪ ನಿಧಾನಾನೇ."

ನಾನು ಇಂಗ್ಲಿಷಿನಲ್ಲಿ ಎಸೆದ ಪದವನ್ನು ಅವರು ಕನ್ನಡದಲ್ಲಿ ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡರು, ಸಹಿ ಮಾಡಿದರು. ಲಿಫ್ಟಿನ ತನಕ ಜೊತೆಗೆ ಹೋಗುವುದು ನನ್ನ ಕರ್ತವ್ಯದ ಪಟ್ಟಿಯಲ್ಲಿತ್ತು, ಹೋದೆ. ಹೆಗಲ ಚೀಲ, ಊಟದ ಡಬ್ಬಿ, ಆ ಬೈಂಡ್ ಹಾಕಿದ ನೋಟ್‌ಬುಕ್. ಲಿಫ್ಟ್ ಬಾಗಿಲು ತೆರೆಯಿತು. ಒಳಗೆ ಹೋಗಿ ತಿರುಗಿ ನಿಂತು ಕೇಳಿದರು, "ಅಮ್ಮ ಹೇಗಿದಾರೆ? ವಾಕರ್ ಬಿಟ್ಟು ನಡೀತಾರಾ?"

"ಹ್ಞೂಂ," ಎಂದೆ. ಬಾಗಿಲು ಮುಚ್ಚಿತು.

ಮತ್ತೆ ಒಂದು ಸಲ ಅವಕಾಶ ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಐದಾರು ತಿಂಗಳ ಮೇಲೆ ಬೇರೆ ಕಂಪನಿಯಿಂದ ಫೋನ್ ಬಂತು. ಶ್ರೀಕಂಠ ಎಂಬವರು ನಮ್ಮಲ್ಲಿ ಅರ್ಜಿ ಹಾಕಿದ್ದಾರೆ, ನೀವು ಅವರ ಮೇಲಧಿಕಾರಿ ಆಗಿದ್ದಿರಿ, ಅವಕಾಶ ಸಿಕ್ಕರೆ ಅವರನ್ನು ಮತ್ತೆ ತೆಗೆದುಕೊಳ್ಳುತ್ತೀರಾ? ತೆಗೆದುಕೊಳ್ಳುತ್ತೇನೆ ಎಂಬ ಒಂದು ಪದ. ನಾನು ಹೇಳಿದ್ದು: ನಮ್ಮ ಕಂಪನಿಯ ನಿಯಮದ ಪ್ರಕಾರ ಕೆಲಸ ಮಾಡಿದ ಅವಧಿ ಮಾತ್ರ ಖಚಿತಪಡಿಸಬಹುದು. ಆ ಕಡೆಯವರು "ಅರ್ಥವಾಯಿತು" ಎಂದರು. ಅವರಿಗೆ ಏನು ಅರ್ಥವಾಯಿತೋ ಅದೇ ಅರ್ಥವಾಗಲಿ ಎಂದೇ ನಾನು ಹೇಳಿದ್ದು. ಆ ಕೆಲಸ ಅವರಿಗೆ ಸಿಗಲಿಲ್ಲ ಎಂದು ಶನಿವಾರ ನಿಮ್ಮ ಟೈಲ್ಸ್ ಅಂಗಡಿಯ ಮಾತಿನಿಂದ ತಿಳಿಯಿತು.

ಶನಿವಾರ ನೀವು ಇನ್ನೊಂದು ಮಾತು ಹೇಳಿದಿರಿ. ಅದಕ್ಕೇ ನಾನು ಬಸ್ಸಿನ ಸುಳ್ಳು ಹೇಳಿ ಓಡಿದ್ದು. "ಒಂದ್ ಸಲ ಏನಾಯ್ತು ಗೊತ್ತಾ ಮೇಡಂ, ಆಫೀಸಲ್ಲಿ ಮುಗಿಸೋಕಾಗ್ದೆ ಮನೆಗೇ ತರೋಕ್ ಶುರು ಮಾಡಿದ್ರು. ಒಂದಲ್ಲ, ಎರಡು ಲ್ಯಾಪ್‌ಟಾಪು! ಊಟದ್ ಟೇಬಲ್ ಮೇಲೆ ಎರಡೂ ಹರಡ್ಕೊಂಡು ಬೆಳಿಗ್ಗೆ ಐದಕ್ಕೆ ಕೂತ್ರೆ... ಮಗಳ ಸ್ಕೂಲ್ ಡೇಗೂ ಬರ್ಲಿಲ್ಲ, ಅವ್ಳು ಡ್ಯಾನ್ಸಿಗಿದ್ಲು. ಎರಡು ಮಷೀನ್ ಇಟ್ಕೊಂಡ್ರೂ ಒಬ್ಬರ ಕೆಲ್ಸ ಮಾಡಕ್ಕಾಗಲ್ವಲ್ಲ ನಿಮ್ಗೆ ಅಂತ ಅವತ್ತು ಸರಿಯಾಗಿ ಬೈದೆ. ಸುಮ್ನೆ ನಕ್ಕರು."

ಗಿರಿಜಾ ಅವರೇ, ಎರಡನೆಯದು ನನ್ನದು. ನಿಮ್ಮ ಊಟದ ಮೇಜಿನ ಮೇಲೆ ಮೂರು ತಿಂಗಳು ಇದ್ದದ್ದು ನನ್ನ ಲ್ಯಾಪ್‌ಟಾಪ್. ನೀವು ಹೀರೇಕಾಯಿ ಹಾಕಿಕೊಂಡಿದ್ದ ಚೀಲದಲ್ಲಿ ಅದು ನಿಮ್ಮ ಮನೆಗೆ ಬಂತು, ವಾಪಸ್ ಬರುವಾಗ ಚೀಲ ಅಲ್ಲೇ ಉಳಿಯಿತು. ಒಬ್ಬರ ಕೆಲಸವನ್ನು ಎರಡು ಯಂತ್ರದಲ್ಲಿ ಮಾಡುತ್ತಿರಲಿಲ್ಲ ಅವರು. ಇಬ್ಬರ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರು. ನಿಮ್ಮ ಮಗಳು ಕುಣಿದದ್ದನ್ನು ಅವರು ನೋಡಲಿಲ್ಲ ಎಂದರೆ ಅದು ನಾನು ನನ್ನ ತಾಯಿಯ ಪಕ್ಕ ಕೂತಿರಲಿ ಎಂದು. ಇದನ್ನು ಅವರು ಕಂಪನಿಗೆ ಹೇಳಲಿಲ್ಲ, ಸರಿ. ಆದರೆ ನಿಮಗೂ ಹೇಳಿಲ್ಲ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇಷ್ಟು ದಿನ ನೀವು ನನಗೆ ಮನೆಯಲ್ಲಿ ಶಾಪ ಹಾಕುತ್ತಿದ್ದೀರಿ ಎಂದುಕೊಂಡಿದ್ದೆ. ಅದರಲ್ಲಿ ಒಂದು ನೆಮ್ಮದಿಯೂ ಇತ್ತು, ಶಿಕ್ಷೆ ನಡೆಯುತ್ತಿದೆ ಎಂಬ ನೆಮ್ಮದಿ. ಅವರು ನನಗೆ ಅದನ್ನೂ ಕೊಡಲಿಲ್ಲ. ನನ್ನನ್ನು ಉಳಿಸಲು ತಮ್ಮ ಮನೆಯಲ್ಲೇ ದಡ್ಡರಾಗಿ ಉಳಿದರು.

ಅವರು ಮುಚ್ಚಿಟ್ಟದ್ದನ್ನು ಬಿಚ್ಚಲು ನಾನು ಯಾರು ಎಂದೂ ಯೋಚಿಸಿದೆ. ಅವರಿಗೆ ಸಿಟ್ಟು ಬರಬಹುದು. ಬರಲಿ. ಅವರಿಗೆ ಸಿಟ್ಟು ಬಂದದ್ದನ್ನು ಒಮ್ಮೆಯಾದರೂ ನೋಡಬೇಕು ನಾನು. ಅಮ್ಮನಿಗೂ ಬೆಳಿಗ್ಗೆ ಹೇಳಿದೆ. ಎರಡು ವರ್ಷದಿಂದ ಅವಳು ಕೇಳುತ್ತಲೇ ಇದ್ದಳು, ಎಳನೀರು ತಂದಿದ್ದರಲ್ಲ ಅವರನ್ನು ಒಂದು ದಿನ ಊಟಕ್ಕೆ ಕರೆಯೇ ಎಂದು. ಎಲ್ಲ ಕೇಳಿ ಒಂದೇ ಮಾತು ಕೇಳಿದಳು: "ನನ್ನ ಹೆಸರು ಹೇಳ್ಕೊಂಡು ಇಷ್ಟೆಲ್ಲ ಮಾಡಿದ್ಯಾ?" ಆಮೇಲೆ ಮಾತಾಡಿಲ್ಲ. ಕೂತ್ಕೊಳೇ ಎಂದು ಆಗ ಬೈದಳಲ್ಲ, ಅದೊಂದನ್ನು ಬಿಟ್ಟು.

ಕಂಪನಿಗೂ ಬರೆದಿದ್ದೇನೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾರ ಲಾಗಿನ್, ಯಾರ ಕೈ, ಆಮೇಲೆ ಆ ಇಪ್ಪತ್ತೆರಡು ಟಿಕೆಟ್ಟು. ನಿನ್ನೆ ಮಧ್ಯಾಹ್ನ ಕಳಿಸಿದೆ. ಅವರು ನನ್ನನ್ನು ಏನು ಮಾಡುತ್ತಾರೋ ಮಾಡಲಿ, ಅದನ್ನು ನಿಮ್ಮ ಮುಂದೆ ತ್ಯಾಗ ಎಂದು ತೋರಿಸಿಕೊಳ್ಳುವುದಿಲ್ಲ. ಹೋದ ಎರಡು ವರ್ಷ ಆ ಮೇಲ್‌ನಿಂದ ವಾಪಸ್ ಬರುವುದಿಲ್ಲ, ಶ್ರೀಕಂಠ ಅವರ ಕುರ್ಚಿಯಲ್ಲಿ ಈಗ ಬೇರೆ ಯಾರೋ ಕೂತಿದ್ದಾರೆ. ಇನ್ನು ಮೇಲೆ ಯಾವ ಕಂಪನಿಯಿಂದ ಫೋನ್ ಬಂದರೂ ಏನು ಹೇಳಬೇಕೆಂದು ನನಗೆ ಗೊತ್ತು, ಆದರೆ ಈಗ ಯಾರೂ ಕೇಳುತ್ತಿಲ್ಲ.

ನಾಳೆ ಹತ್ತು ಗಂಟೆಗೆ ಬಿಟಿಎಂಗೆ ಬರುತ್ತೇನೆ. ಈ ಕಾಗದವನ್ನು ನಿಮ್ಮ ಕೈಗೇ ಕೊಡುತ್ತೇನೆ, ಆ ಗಾಜಿನ ಫಲಕವನ್ನೂ. ನೀವು ಓದಿ ಮುಗಿಸುವ ತನಕ ಗೇಟಿನ ಹೊರಗೆ ನಿಂತಿರುತ್ತೇನೆ. ಒಳಗೆ ಕರೆಯಬೇಕಾಗಿಲ್ಲ. ಬೈಯಬೇಕೆನಿಸಿದರೆ ಬೀದಿಗೆ ಕೇಳುವ ಹಾಗೆ ಬೈಯಿರಿ. ಕ್ಷಮಿಸಿ ಎಂದು ಕೇಳಲು ನನಗೆ ಬಾಯಿಲ್ಲ, ಕೇಳುವುದೂ ಇಲ್ಲ.

ಒಂದೇ ಒಂದು ಕೆಲಸ ಮಾಡಿ. ನಿಮ್ಮ ಮಗಳನ್ನು ಕರೆದು, ಅವಳ ಫೋನಿನಲ್ಲಿ ಅಪ್ಪನ ಮುಂದೆ ಇರುವ ಆ ಪದವನ್ನು ತೆಗೆಸಿ. ಅದು ಅವಳು ಇಟ್ಟ ಹೆಸರಲ್ಲ, ಗಿರಿಜಾ ಅವರೇ. ನಾನು ಇಟ್ಟದ್ದು.

ನಳಿನಿ